ಘಣಸೋಲಿಯ ಸುಣ್ಣದ ಗೋಡೆ

1978ರ ಫೆಬ್ರವರಿ 20, ಸೋಮವಾರ. ಬೆಳಿಗ್ಗೆ ಹತ್ತೂಕಾಲಿಗೆ ಠಾಣೆ ಪಟ್ಟಣದ ಪೊಲೀಸ್ ಸ್ಟೇಷನ್ನಿಗೆ ದೂರು ಬಂತು. ಆ ಹೊತ್ತಿಗೆ ಸ್ಟೇಷನ್ನಿನಲ್ಲಿ ಅರ್ಧಕ್ಕರ್ಧ ಜನ ಇರಲಿಲ್ಲ. ದೇಶದೇಶ ಸುತ್ತಿ ಬಂದ ಫ್ಲೂ ಜನವರಿಯಿಂದ ಮನೆಮನೆಯನ್ನೂ ಹಾಸಿಗೆಗೆ ಕೆಡವಿತ್ತು. ಇನ್ಸ್‌ಪೆಕ್ಟರ್ ವಿರುಪಾಕ್ಷಪ್ಪನವರು ತಾವೇ ಮೂಗೊರೆಸಿಕೊಳ್ಳುತ್ತ ಎಫ್‌ಐಆರ್ ಬರೆಸಿದರು.

ದೂರುದಾರರು ಡಾ. ಗುಪ್ತೆ, ಸಮುದ್ರದ ಹಿನ್ನೀರು ಒಳನುಗ್ಗುವ ಖಾಡಿಯ ದಂಡೆಯಲ್ಲಿದ್ದ ವೈದ್ಯಕೀಯ ಕಾಲೇಜಿನ ಎದೆರೋಗ ವಿಭಾಗದ ಮುಖ್ಯಸ್ಥರು. ಕ್ಷಯರೋಗದ ಸಂಶೋಧನೆಗೆಂದು ವಿದೇಶದಿಂದ ಬಂದಿದ್ದ ಹೊಸ ಔಷಧದ ಕೆಂಪು ಕ್ಯಾಪ್ಸೂಲುಗಳು ವಿಭಾಗದ ಕಪಾಟಿನಿಂದ ಡಬ್ಬಿಗಟ್ಟಲೆ ಕಾಣೆಯಾಗಿದ್ದವು. ಮಾತು ಮರಾಠಿಯಲ್ಲಿ ನಡೆಯಿತು.

"ಯಾವಾಗ ಕಳವಾಯಿತು?"

"ಗೊತ್ತಿಲ್ಲ."

"ನೀವು ಕಪಾಟು ಕೊನೆಯ ಸಲ ತೆರೆದದ್ದು?"

"ಜನವರಿ ಮಧ್ಯದಲ್ಲಿರಬೇಕು. ಔಷಧ ಕೊಟ್ಟ ಸಂಸ್ಥೆಯವರು ಉಳಿದದ್ದರ ಲೆಕ್ಕ ಕೇಳಿದರು. ನಿನ್ನೆ ತೆರೆದು ನೋಡಿದರೆ ಇಲ್ಲ."

"ಅಂದರೆ ಒಂದು ತಿಂಗಳಿನಿಂದ ಆ ಔಷಧ ಯಾರಿಗೂ ಬೇಕಾಗಿರಲಿಲ್ಲ?"

"ಸಾಹೇಬ್, ಊರಲ್ಲಿ ಫ್ಲೂ ಇದೆ. ನೀವು ಕಂಡಿಲ್ಲವೇ?"

"ಯಾರ ಮೇಲಾದರೂ ಅನುಮಾನ?"

"ವಾರ್ಡ್‌ಬಾಯ್ ಮುಂಡಪ್ಪ."

"ಯಾಕೆ?"

"ಇನ್ಯಾರು ಕದಿಯುತ್ತಾರೆ?"

ಕಳವಾದಲ್ಲಿ ಕಸ ಗುಡಿಸುವವನನ್ನು ಹಿಡಿ ಎಂಬ ಶಾಸ್ತ್ರವನ್ನು ಯಾವ ಕಾಲೇಜಿನಲ್ಲಿ ಕಲಿಸುತ್ತಾರೋ ಗೊತ್ತಿಲ್ಲ, ಕಲಿತವರೆಲ್ಲರಿಗೂ ಅದು ಬಾಯಿಪಾಠ. ಪೊಲೀಸರೂ ಅದನ್ನೇ ಮಾಡಿದರು. ಮುಂಡಪ್ಪನನ್ನು ತಂದು ಬೆಂಚಿನ ಮೇಲೆ ಕೂರಿಸಿದರು.

ಮಧ್ಯಾಹ್ನ ವಿರುಪಾಕ್ಷಪ್ಪನವರು ಕರಾವಳಿಯ ಕನ್ನಡಿಗ ಹವಾಲ್ದಾರ್ ದೇವದಾಸನೊಂದಿಗೆ ಕಾಲೇಜಿಗೆ ಹೋಗಿ ಸ್ಥಳದ ಪಂಚನಾಮೆ ಮಾಡಿದರು. ಬೀಗ ಒಡೆದಿರಲಿಲ್ಲ. ಒಂದು ಕೀಲಿ ಗುಪ್ತೆಯವರ ಬಳಿ, ಇನ್ನೊಂದು ನರ್ಸುಗಳ ಮೇಜಿನ ಹಿಂದೆ ಎಲ್ಲರಿಗೂ ಕಾಣುವಂತೆ ಮೊಳೆಗೆ ತೂಗುತ್ತಿತ್ತು. ಸಂಶೋಧನೆಯ ವಾರ್ಡಿನ ತುಂಬ ಫ್ಲೂ ರೋಗಿಗಳಿದ್ದರು. ಮಂಚ ಸಾಲದೆ ನೆಲದಲ್ಲೂ ಮಲಗಿ ನರಳುತ್ತಿದ್ದರು. ಅವರಿಗೆ ಹಾಸಿಗೆ ಬೇಕೆಂಬುದರಲ್ಲಿ ಎರಡು ಮಾತಿರಲಿಲ್ಲ. ಪಕ್ಕದ ಪ್ರಯೋಗಾಲಯದಲ್ಲಿ ಮಾತ್ರ ದೇವದಾಸ ಒಂದು ಬಿಸಿಪೆಟ್ಟಿಗೆಯ ಗಾಜಿನೊಳಗೆ ಇಣುಕಿ ಬಾಯಿ ತೆರೆದು ನಿಂತ. ಒಳಗೆಲ್ಲ ಕೋಳಿಮೊಟ್ಟೆ.

"ಸಾಹೇಬ್ರೆ, ಇದೆಂತ, ಆಸ್ಪತ್ರೆಯಾ ಕೋಳಿಫಾರ್ಮಾ?"

ಗುಪ್ತೆಯವರು ವಿವರಿಸಿದರು. ಫ್ಲೂ ವೈರಸ್ಸನ್ನು ಬೆಳೆಸುವುದು ಮೊಟ್ಟೆಯಲ್ಲಿ. ಸರ್ಕಾರಕ್ಕೆ ಫ್ಲೂ ವರದಿ ಬೇಕು. ಅದಕ್ಕೆ ಹಣವಿದೆ, ಹೆಸರಿದೆ. ಮೊದಲು ಆ ಪೆಟ್ಟಿಗೆಯಲ್ಲಿ ಕ್ಷಯರೋಗಿಗಳ ಕಫದ ಬಾಟಲಿಗಳಿದ್ದವು. ಆ ರೋಗಾಣು ಬೆಳೆಯಲು ಎರಡು ತಿಂಗಳು ಬೇಕು. ಜಾಗ ಸಾಲಲಿಲ್ಲ, ತೆಗೆಸಿದೆವು.

"ಆ ರೋಗಿಗಳು?"

"ಫ್ಲೂ ಮುಗಿದ ಮೇಲೆ ಬನ್ನಿ ಎಂದು ಹೇಳಿ ಕಳಿಸಿದ್ದೇವೆ."

"ಔಷಧ ಎಷ್ಟು ದಿನದ್ದು?"

"ಆರು ತಿಂಗಳು. ಮೂರು ಮುಗಿದಿತ್ತು."

"ಅರ್ಧಕ್ಕೆ ನಿಲ್ಲಿಸಿದರೆ?"

ಗುಪ್ತೆಯವರು ಕನ್ನಡಕ ಒರೆಸಿದರು. "ಅಷ್ಟು ಒಳ್ಳೆಯದಲ್ಲ. ರೋಗ ಮತ್ತೆ ಕೆರಳಬಹುದು, ಆಮೇಲೆ ಈ ಔಷಧಕ್ಕೂ ಬಗ್ಗದಿರಬಹುದು. ಆದರೆ ಕ್ಷಯ ಎಲ್ಲಿಗೂ ಓಡಿಹೋಗುವುದಿಲ್ಲ, ಸಾಹೇಬ್. ಮುಂದಿನ ವರ್ಷವೂ ಇರುತ್ತದೆ."

"ರೋಗ ಇರುತ್ತದೆ. ರೋಗಿ?"

ಗುಪ್ತೆಯವರು ಕನ್ನಡಕ ಏರಿಸಿಕೊಂಡು ಮೊಟ್ಟೆಗಳ ಕಡೆ ತಿರುಗಿದರು. ವಿರುಪಾಕ್ಷಪ್ಪನವರ ಮೈ ಉರಿಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಬರೆ ಎಳೆದವರು ಎಮ್ಮೆಯನ್ನು ಮರೆತೂ ಬಿಟ್ಟಿದ್ದರು.

ಮೂರು ದಿನ ಠಾಣೆ, ಕಲ್ಯಾಣ, ಡೊಂಬಿವಲಿಯ ಔಷಧದಂಗಡಿಗಳಲ್ಲಿ ವಿಚಾರಣೆ ನಡೆಯಿತು. ಕೆಂಪು ಕ್ಯಾಪ್ಸೂಲನ್ನು ಯಾರೂ ಮಾರಲು ತಂದಿರಲಿಲ್ಲ. ಮುಂಡಪ್ಪನ ಖೋಲಿಯಲ್ಲಿ ಸಿಕ್ಕಿದ್ದು ಒಂದು ಸ್ಟವ್ ಮತ್ತು ಹರಿದ ಚಾಪೆ. ಕದ್ದ ಮಾಲು ಪೇಟೆಗೆ ಬಂದಿಲ್ಲವೆಂದರೆ ಅದನ್ನು ಯಾರೋ ನುಂಗುತ್ತಿದ್ದಾರೆ ಎಂದು ವಿರುಪಾಕ್ಷಪ್ಪನವರಿಗೆ ಹೊಳೆಯಿತು. ಗುಪ್ತೆಯವರಿಗೆ ಫೋನ್ ಮಾಡಿದರು.

"ಈ ಔಷಧ ತಿಂದವನನ್ನು ಗುರುತಿಸುವುದು ಹೇಗೆ?"

"ಬಲು ಸುಲಭ. ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ. ರೋಗಿ ನುಂಗಿದನೋ ಉಗಿದನೋ ಎಂದು ನಾವು ನೋಡುತ್ತಿದ್ದದ್ದೂ ಅದರಿಂದಲೇ."

"ನಿಮ್ಮ ರೋಗಿಗಳು ಎಲ್ಲಿಯವರು?"

"ಘಣಸೋಲಿ ಕಡೆಯ ಕಾರ್ಖಾನೆ ಕೂಲಿಗಳು. ಗುಲಬರ್ಗಾ, ಬಿಜಾಪುರದ ಜನ."

ಫೆಬ್ರವರಿ 24, ಶುಕ್ರವಾರ ಬೆಳಿಗ್ಗೆ ಏಳಕ್ಕೆ ಜೀಪು ಬೇಲಾಪುರ ರಸ್ತೆ ಹಿಡಿದು ಘಣಸೋಲಿ ಮುಟ್ಟಿತು. ಹಳ್ಳಿಯ ಆಚೆ, ಕಾರ್ಖಾನೆಯ ಉದ್ದನೆಯ ಗೋಡೆಗೆ ಹೊಸದಾಗಿ ಸುಣ್ಣ ಬಳಿದಿದ್ದರು. ಗೋಡೆಗೆ ಎದುರಾಗಿ ಕೂಲಿಗಳ ಝೋಪಡಿಗಳು. ಪಾಳಿಗೆ ಹೊರಟ ಗಂಡಸರು ಆ ಗೋಡೆಯನ್ನು ಯಾವುದಕ್ಕೆ ಬಳಸುತ್ತಿದ್ದರೆಂದು ಹೇಳಬೇಕಾಗಿಲ್ಲ. ಬಿಳಿ ಸುಣ್ಣದ ಮೇಲೆ ಅಲ್ಲಲ್ಲಿ ಕಿತ್ತಳೆ ಪಟ್ಟೆಗಳು ಇಳಿದಿದ್ದವು. ಕೆಲವು ಇನ್ನೂ ಹಸಿಯಾಗಿದ್ದವು.

"ಇಷ್ಟು ವರ್ಷದ ಸರ್ವಿಸಿನಲ್ಲಿ ಇಂಥ ಪುರಾವೆ ನೋಡಲಿಲ್ಲ ಮಾರಾಯ್ರೆ," ಎಂದ ದೇವದಾಸ.

ಗೋಡೆಯಿಂದ ತಿರುಗಿದ ಒಬ್ಬ ಸಣಕಲನನ್ನು ನಿಲ್ಲಿಸಿದರು. ಹೆಸರು ಚಂದ್ರಾಮ, ಗುಲಬರ್ಗಾದ ಕಡೆಯವನು, ಹಮಾಲಿ ಕೆಲಸ. ವಿರುಪಾಕ್ಷಪ್ಪನವರು ಗಡಿಯ ಅಕ್ಕಲಕೋಟೆಯವರು, ಕನ್ನಡದಲ್ಲೇ ಕೇಳಿದರು.

"ಏನ್ ತಿಂತೀಯೋ?"

"ಎಲಿ ಅಡಕಿ ತಿಂತೀನ್ರೀ ಸಾಹೇಬ್ರ."

"ಎಲಿ ತಿಂದ್ರ ಬಾಯಿ ಕೆಂಪಾಗತೈತಿ. ಗೋಡಿ ಯಾಕ ಕೆಂಪಾತು?"

ಚಂದ್ರಾಮ ತಲೆ ಬಗ್ಗಿಸಿದ. ಝೋಪಡಿಯಿಂದ ಹೆಂಡತಿ ಮಾನಮ್ಮ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು.

"ಔಷಧ ತಿಂತಾನ್ರೀ. ಆಸ್ಪತ್ರ್ಯಾಗ ಫ್ಲೂ ಮುಗದ ಮ್ಯಾಲ ಬಾ ಅಂದ್ರು. ಫ್ಲೂ ಮುಗಿಯೂತನಕ ಇವ ಉಳೀಬೇಕಲ್ರಿ?"

"ಯಾರು ತಂದುಕೊಡ್ತಾರ?"

"ಹೇಳಂಗಿಲ್ಲ. ಹೊಡದ್ರ ಹೊಡೀರಿ."

ವಿರುಪಾಕ್ಷಪ್ಪನವರು ಹೊಡೆಯಲಿಲ್ಲ. ವಾಪಸ್ ಹೊರಟಂತೆ ತೋರಿಸಿ ಜೀಪನ್ನು ಹಳ್ಳಿಯ ಹಿಂದೆ ಮರೆಮಾಡಿಸಿ, ಠಾಣೆಯಿಂದ ಒಬ್ಬ ಮಹಿಳಾ ಪೇದೆಯನ್ನು ಕರೆಸಿ, ಚಹಾದಂಗಡಿಯ ಹಿಂದೆ ಕಾದರು. ಸಂಜೆ ನಾಲ್ಕೂವರೆಗೆ ಬಸ್ಸಿನಿಂದ ಬಿಳಿ ಸೀರೆಯ ಹೆಣ್ಣುಮಗಳೊಬ್ಬಳು ಟಿಫಿನ್ ಡಬ್ಬಿ ಹಿಡಿದು ಇಳಿದಳು. ಅವಳು ಬರುವುದಕ್ಕೂ ಪಾಳಿ ಮುಗಿದವರು ಬಂದು ಸಾಲಾಗಿ ನಿಲ್ಲುವುದಕ್ಕೂ ಸರಿಹೋಯಿತು. ಡಬ್ಬಿಯ ಮೇಲಿನ ಅಂತಸ್ತಿನಲ್ಲಿ ರೊಟ್ಟಿ, ಕೆಳಗೆ ಕೆಂಪು ಕ್ಯಾಪ್ಸೂಲು. ಒಬ್ಬೊಬ್ಬರಿಗೂ ಕೊಟ್ಟು, ನೀರು ಕುಡಿಸಿ, "ಬಾಯಿ ತಗಿ, ನಾಲಿಗಿ ಎತ್ತು" ಎಂದು ನೋಡಿಯೇ ಮುಂದಿನವನ ಕಡೆಗೆ ಹೋಗುತ್ತಿದ್ದಳು.

ದೇವದಾಸ ಚಡಪಡಿಸಿದ. "ಸಾಹೇಬ್ರೆ, ಪುರಾವೆ ಹೊಟ್ಟೆಗೆ ಹೋಗ್ತಾ ಉಂಟಲ್ಲ!"

"ಹೋಗಲಿ. ಡಬ್ಬಿಯೊಳಗ ಇನ್ನೂ ಅದಾವು."

ಕೊನೆಯವನು ಚಂದ್ರಾಮ. ಅವನು ನುಂಗಿ ನೀರು ಕುಡಿದ ಮೇಲೆ ವಿರುಪಾಕ್ಷಪ್ಪನವರು ಎದ್ದು ಹೋದರು.

"ನಿಮ್ಮ ಹೆಸರು?"

"ನೀಲಗಂಗಾ. ಡೊಂಬಿವಲಿಯಾಗ ಇರ್ತೀನಿ. ಎದೆರೋಗ ವಿಭಾಗದ ಡಾಕ್ಟರ್. ಈಗ ಫ್ಲೂ ಓಪಿಡಿಗೆ ಹಾಕ್ಯಾರ."

"ಕಪಾಟು ತೆರೆದವರು?"

"ನಾನ. ಹಾಡಾಹಗಲ, ಎಲ್ಲಾರ ಮುಂದ. ಆ ಕಪಾಟಿನ ಕಡೆ ನೋಡೂ ಪುರಸತ್ತು ಯಾರಿಗಿತ್ರಿ?"

"ಮುಂಡಪ್ಪನ ಪಾಲೆಷ್ಟು?"

ಅವಳು ಡಬ್ಬಿ ಕೆಳಗಿಟ್ಟಳು. "ಮುಂಡಪ್ಪನ ಹಿಡದೀರೇನ್ರಿ? ಫ್ಲೂ ಬಂದು ಮಲಗ್ಯಾನ ಅನಕೊಂಡಿದ್ದೆ. ಅವಂಗ ಏನೂ ಗೊತ್ತಿಲ್ಲ. ಬಿಡ್ರಿ ಅವನ್ನ."

"ಬಿಡ್ತೀವಿ. ಯಾಕ ಮಾಡಿದ್ರಿ ಹೇಳ್ರಿ."

"ಪುಣ್ಯಕ್ಕ ಮಾಡೀನಂತ ಬರಕೋಬ್ಯಾಡ್ರಿ. ಸಿಟ್ಟಿಗೆ ಮಾಡೇನಿ." ಅವಳು ಸುತ್ತ ನಿಂತಿದ್ದ ಕೂಲಿಗಳ ಕಡೆ ಕೈ ತೋರಿಸಿದಳು. "ಕಾಲೇಜಿನ ಡಾಕ್ಟರರೊಳಗ ಕನ್ನಡ ಬರ್ತಿದ್ದದ್ದು ನನಗ ಒಬ್ಬಾಕಿಗೆ. ಹೊಸ ಔಷಧದ ಪ್ರಯೋಗಕ್ಕ ಇವ್ರನ್ನ ಒಪ್ಪಸಾಕ ನನ್ನ ಕಳಿಸಿದ್ರು. ಇವ್ರು ಕಾಗದಕ್ಕ ಹೆಬ್ಬಟ್ಟು ಒತ್ತಿದ್ರು. ಆಮ್ಯಾಲ ಮಾನಮ್ಮ ಅಂದ್ಲು, ನಮ್ಮ ಕೈ ನೀವು ತಗೊಂಡ್ರಿ, ಈಗ ನಿಮ್ಮ ಕೈ ಕೊಡ್ರಿ ಅಂತ. ರೊಟ್ಟಿ ಮ್ಯಾಲ ಕೈ ಇಡಿಸಿ ಆಣಿ ಮಾಡಿಸಿದ್ಲು. ಆರು ತಿಂಗಳು ಔಷಧ ತಪ್ಪಂಗಿಲ್ಲ ಅಂತ. ಅವತ್ತು ನನಗ ನಗು ಬಂದಿತ್ತು."

"ಮುಂದ?"

"ಫ್ಲೂ ಬಂತು. ಥೀಸಿಸ್ ಬದಲಿಸು, ಫ್ಲೂ ಮ್ಯಾಲ ಬರಿ, ಲಗೂ ಮುಗೀತದ ಅಂದ್ರು ಗುಪ್ತೆ ಸರ್. ನನ್ನ ಬಾಟ್ಲಿ ಎಲ್ಲಾ ಕುದಿಸಿ ಚೆಲ್ಲಿದ್ರು. ಆ ಸಿಟ್ಟೂ ಇತ್ತು, ಇಲ್ಲ ಅನ್ನಂಗಿಲ್ಲ. ಥೀಸಿಸ್ ಬದಲಿಸಬಹುದ್ರಿ. ರೊಟ್ಟಿ ಮುಟ್ಟಿ ಹೇಳಿದ್ದು ಹೆಂಗ ಬದಲಿಸ್ಲಿ?"

ಕಾನೂನಿಗೆ ರೊಟ್ಟಿ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಐಪಿಸಿ 381, ನೌಕರಿಗಿದ್ದವರೇ ಮಾಡಿದ ಕಳವು. ಚಹಾದಂಗಡಿಯವನನ್ನೂ ಕಾರ್ಖಾನೆಯ ವಾಚ್‌ಮನ್ನನನ್ನೂ ಪಂಚರನ್ನಾಗಿ ಕರೆದು, ಡಬ್ಬಿಯಲ್ಲಿದ್ದದ್ದನ್ನೂ ಮಾನಮ್ಮನ ಝೋಪಡಿಯ ಟ್ರಂಕಿನಲ್ಲಿಟ್ಟಿದ್ದದ್ದನ್ನೂ ಜಪ್ತಿ ಮಾಡಿ ಅರಗಿನ ಮೊಹರು ಹಾಕಿದರು. ಮಹಿಳಾ ಪೇದೆ ನೀಲಗಂಗಾಳನ್ನು ಜೀಪಿಗೆ ಹತ್ತಿಸಿದಳು. ಮಾನಮ್ಮ ಅಡ್ಡ ಬಂದು ನಿಂತಳು.

"ಆಕಿನ್ನ ಒಯ್ತೀರಿ, ಒಯ್ಯಿರಿ. ಔಷಧ ಯಾಕ ಒಯ್ತೀರಿ? ಇನ್ನೂ ಎರಡು ತಿಂಗಳದ್ದು ಉಳದದ!"

"ಕೇಸಿನ ಮಾಲು, ತಾಯಿ. ಕೋರ್ಟಿನಾಗ ತೋರಸಬೇಕು."

"ಕೋರ್ಟಿಗೆ ಕ್ಷಯ ಆಗೇದೇನು?"

ಇನ್ಸ್‌ಪೆಕ್ಟರು ಮೊಹರು ಹಾಕಿದ ಮಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಜೀಪು ಹೊರಟಿತು.

ಮುಂಡಪ್ಪನನ್ನು ಅದೇ ರಾತ್ರಿ ಬಿಟ್ಟರು. ಯಾರೂ ಕ್ಷಮೆ ಕೇಳಲಿಲ್ಲ. ಜಪ್ತಿಯಾದ ಔಷಧವನ್ನು ಆ ರೋಗಿಗಳಿಗೇ ಕೊಡಿಸಬೇಕೆಂದು ವಿರುಪಾಕ್ಷಪ್ಪನವರು ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿದರು. ಅದು ಕಾಲೇಜಿನ ಸ್ವತ್ತೆಂದು ಗುಪ್ತೆಯವರ ವಕೀಲರು ವಾದಿಸಿದರು. ಸ್ವತ್ತು ಮಾಲೀಕನಿಗೇ ಹೋಯಿತು. ಮಾಲೀಕ ಅದೇ ಕಪಾಟಿನಲ್ಲಿಟ್ಟು ಹೊಸ ಬೀಗ ಹಾಕಿ, ಈ ಸಲ ಎರಡೂ ಕೀಲಿಗಳನ್ನು ತನ್ನ ಜೇಬಿಗಿಳಿಸಿದ. ಮುನಿಸಿಪಾಲಿಟಿ ಆಸ್ಪತ್ರೆಗೆ ಹೋದ ಚಂದ್ರಾಮನಿಗೆ ಅಲ್ಲಿಯೂ ಫ್ಲೂ ಮುಗಿಯಲಿ ಎಂದೇ ಹೇಳಿದರು. ಫ್ಲೂ ಕುರಿತ ಗುಪ್ತೆಯವರ ಪ್ರಬಂಧಕ್ಕೆ ಪುಣೆಯ ಸಮ್ಮೇಳನದಲ್ಲಿ ಚಪ್ಪಾಳೆ ಬಿದ್ದಿತೆಂದು ಕೇಳಿದೆ. ಬೀಳಲಿ.

ಆರೋಪಿಗೆ ಈ ಕಳವಿನಿಂದ ಆದ ಲಾಭವೇನು ಎಂದು ಮೇಲಧಿಕಾರಿಗಳು ಕೇಳಿದ್ದರು. ವಿರುಪಾಕ್ಷಪ್ಪನವರು ಕೇಸ್ ಡೈರಿಯಲ್ಲಿ ಬರೆದರು: "ಲಾಭ ಇಲ್ಲ. ರೊಟ್ಟಿ ಮುಟ್ಟಿ ಕೊಟ್ಟ ಮಾತು." ಸರಿಯಾಗಿ ಬರೆಯಿರಿ ಎಂದು ಡೈರಿ ವಾಪಸ್ ಬಂತು. ಅವರು ತಿದ್ದಲಿಲ್ಲ.

ಏಪ್ರಿಲ್ ಕೊನೆಯಲ್ಲಿ ಮಾನಮ್ಮನಿಗೆ ಸಾಕ್ಷಿಯ ಸಮನ್ಸ್ ಮುಟ್ಟಿಸಬೇಕಿತ್ತು. ಪೇದೆಯ ಕೆಲಸ. ವಿರುಪಾಕ್ಷಪ್ಪನವರು ತಾವೇ ಹೋದರು. ಬಿಸಿಲಿಗೆ ಗೋಡೆಯ ಕಿತ್ತಳೆ ಪಟ್ಟೆಗಳೆಲ್ಲ ಮಾಸಿಹೋಗಿದ್ದವು. ಹೊಸದಾಗಿ ಇಳಿದ ಪಟ್ಟೆಗಳಿಗೆ ಬಣ್ಣವಿರಲಿಲ್ಲ. ಝೋಪಡಿಯೊಳಗೆ ಚಂದ್ರಾಮ ಕೆಮ್ಮುತ್ತಿದ್ದ. ಕೆಮ್ಮು ಒಮ್ಮೆ ಶುರುವಾದರೆ ನಿಲ್ಲುತ್ತಿರಲಿಲ್ಲ.

ಮಾನಮ್ಮ ಸಮನ್ಸಿನ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಇದಕ್ಕೂ ಹೆಬ್ಬಟ್ಟೇನ್ರಿ?"

"ಹೂಂ, ತಾಯಿ. ಮುಟ್ಟೇತಿ ಅಂತ."

ಅವಳು ಶಾಯಿಗೆ ಬೆರಳು ಅದ್ದಿ ಒತ್ತಿದಳು. ಆಮೇಲೆ ಒಳಗೆ ಹೋಗಿ, ಆಗತಾನೆ ಬೇಯಿಸಿದ್ದ ಒಂದು ರೊಟ್ಟಿ ತಂದು ಅವರ ಮುಂದೆ ಹಿಡಿದಳು.

"ಈಗ ನಿಮ್ಮ ಕೈ ಕೊಡ್ರಿ."

ವಿರುಪಾಕ್ಷಪ್ಪನವರು ಶಾಯಿಯ ಡಬ್ಬಿ ಹಿಡಿದುಕೊಂಡು ನಿಂತೇ ಇದ್ದರು.