ನೋವಿನಲ್ಲಿ ಆಡಿದ ಮಾತು

ಚನ್ನರಾಯಪಟ್ಟಣದಲ್ಲಿ ಬಸ್ಸು ನಿಂತಾಗ ನೀಲಾಂಬಿಕೆ ಮಗುವನ್ನು ಎತ್ತಿಕೊಂಡು ಬಾಗಿಲಿಗೆ ಬಂದಳು.

ಎರಡನೇ ಮಹಾಯುದ್ಧದ ಕಾಲ. ಪೆಟ್ರೋಲ್ ಸಿಗದೆ ಬಸ್ಸುಗಳು ಇದ್ದಿಲು ಉರಿಸಿಕೊಂಡು ಓಡುತ್ತಿದ್ದವು. ಹೊಳೆನರಸೀಪುರದ ತವರಿನಿಂದ ಬರುವಷ್ಟರಲ್ಲಿ ಮಗುವಿನ ಕುಲಾವಿಗೂ ಮಸಿ ಹತ್ತಿತ್ತು. ಬಾಣಂತನ ಮುಗಿದಿತ್ತು, ಮಗುವಿಗೆ ಐದು ತಿಂಗಳು. ಅತ್ತೆ ಗಂಗಾಂಬಿಕೆಯೇ ಹೋಗಿ ಸೊಸೆಯನ್ನು ಕರೆತಂದಿದ್ದರು.

ಕೆಳಗೆ ಗಂಡ ಗೌರೀಶಂಕರ ನಿಂತಿದ್ದ. ಕೊಬ್ಬರಿ ಮಂಡಿಯಿಂದ ನೇರವಾಗಿ ಬಂದಿರಬೇಕು, ಹಣೆಯ ವಿಭೂತಿ ಬೆವರಿಗೆ ಅರ್ಧ ಅಳಿಸಿಹೋಗಿತ್ತು.

'ಈಗಲಾದರೂ ಮಗಳನ್ನು ಎತ್ತಿಕೊಳ್ಳುತ್ತಾರಾ?'

ಅವಳು ಮಗುವನ್ನು ಮುಂದೆ ಚಾಚಿದಳು. ಅವನೂ ಕೈ ನೀಡಿದ. ಅಷ್ಟರಲ್ಲಿ ಮಗು ಅವನ ಮೀಸೆ ನೋಡಿ ಕಿಟಾರನೆ ಕಿರುಚಿತು!

ಗೌರೀಶಂಕರ ಚಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡ.

"ಟ್ರಂಕ್ ಎಲ್ಲಿ? ಕೊಡು" ಎಂದ.

ಅಷ್ಟೇ... ಎಷ್ಟೋ ತಿಂಗಳ ಮೇಲೆ ಸಿಕ್ಕ ಗಂಡ ಆಡಿದ ಮಾತು ಅಷ್ಟೇ!

ಮೊದಲು ಅವನು ಹೀಗಿರಲಿಲ್ಲ. ಸಂಜೆ ಅಡುಗೆಮನೆ ಹೊಸ್ತಿಲಲ್ಲಿ ಕೂತು, ಮಂಡಿಗೆ ಬಂದವರ ಮಾತು, ನಡಿಗೆ ಎಲ್ಲ ಅಣಕಿಸಿ ತೋರಿಸುತ್ತಿದ್ದ. ಅವಳು ನಕ್ಕು ನಕ್ಕು ಸಾರಿಗೆ ಎರಡು ಸಲ ಉಪ್ಪು ಹಾಕಿದ್ದೂ ಉಂಟು.

ಹೆರಿಗೆಯ ದಿನ ಅವನು ಬಂದಿದ್ದನಂತೆ. ಮಗುವಿನ ಮುಖ ನೋಡದೆಯೇ ಹೊರಟುಹೋದನಂತೆ. ಹೆಸರಿಟ್ಟ ದಿನವೂ ಗಂಡಸರ ನಡುವೆ ಕೂತಿದ್ದು, ಊಟ ಮಾಡಿ, ಮಧ್ಯಾಹ್ನದ ಬಸ್ಸಿಗೇ ಹೋದ.

"ಹೆಣ್ಣಾಯ್ತು ಅಂತ ಬೇಜಾರು ಕಣಮ್ಮ. ಗಂಡಸ್ರೇ ಅಂಗೆ" ಎಂದಿದ್ದಳು ತವರಿನ ಪಕ್ಕದ ಮನೆಯ ಕಾಮಾಕ್ಷಮ್ಮ.

ಆ ಮಾತು ನೀಲಾಂಬಿಕೆಯ ಮನಸ್ಸಿಗೆ ಮುಳ್ಳಿನಂತೆ ನಾಟಿತ್ತು.

ಗಂಡನ ಮನೆಗೆ ಬಂದ ಮೇಲೂ ಏನೂ ಬದಲಾಗಲಿಲ್ಲ. "ಮಂಡಿಗೆ ಸರಕು ಬಂದಿದೆ, ಕಾವಲಿರ್ಬೇಕು" ಎಂದು ಅವನು ಅಲ್ಲೇ ಮಲಗತೊಡಗಿದ.

ಇತ್ತ ಮಗು ಪ್ರೇಮಕುಮಾರಿಗೆ ಹೊಸ ಮನೆ, ಹೊಸ ತೊಟ್ಟಿಲು ಒಗ್ಗಲಿಲ್ಲ. ಮಡಿಲಲ್ಲಿ ಮಲಗಿದರೆ ನಿದ್ದೆ, ಕೆಳಗಿಟ್ಟರೆ ಅಳು. ಎಣ್ಣೆ ತಿಕ್ಕಿ ಎರೆಯುವುದು, ಸಾಂಬ್ರಾಣಿ ಹೊಗೆ ಹಾಕುವುದು, ಬಟ್ಟೆ ಒಗೆಯುವುದು, ಮತ್ತೆ ಹಾಲು, ಮತ್ತೆ ಅಳು. ಅತ್ತೆ ಅಡುಗೆ ಮಾಡಿಡುತ್ತಿದ್ದರು. ಆದರೆ ನೀಲಾಂಬಿಕೆ ತಟ್ಟೆಯ ಮುಂದೆ ಕೂರುವ ಹೊತ್ತಿಗೆ ಮುದ್ದೆ ಆರಿ ಕಲ್ಲಾಗಿರುತ್ತಿತ್ತು.

ಅದಕ್ಕಿಂತ ದೊಡ್ಡ ಸಂಕಟ ಇನ್ನೊಂದಿತ್ತು. ಅದನ್ನು ಅವಳು ಹೆತ್ತ ತಾಯಿಗೂ ಹೇಳಿರಲಿಲ್ಲ.

'ಮಗು ಮುಖ ನೋಡಿದರೆ ಎಲ್ಲ ನೋವೂ ಮರೆಯುತ್ತೆ ಅಂತಾರೆ. ನನಗೆ ಯಾಕೆ ಹಾಗೆ ಆಗಲಿಲ್ಲ? ನಾನು ಎಂಥ ತಾಯಿ?'

ಒಂದು ಮಧ್ಯಾಹ್ನ ಅತ್ತೆ ಮಠಕ್ಕೆ ಹೋಗಿದ್ದರು. ಮಗು ಅಳು ಶುರು ಮಾಡಿತು. ಹಾಲು ಕುಡಿಯಲಿಲ್ಲ. ಬಜೆ ತೇದು ನೆಕ್ಕಿಸಿದಳು, ಹೊಟ್ಟೆಗೆ ಹರಳೆಣ್ಣೆ ಸವರಿದಳು, ಎತ್ತಿಕೊಂಡು ಮನೆಯೆಲ್ಲ ತಿರುಗಿದಳು. ನಿಲ್ಲಲಿಲ್ಲ! ಒಂದು ಕ್ಷಣ ಮಗುವನ್ನು ಜೋರಾಗಿ ಅಲುಗಾಡಿಸಿಬಿಡಬೇಕು ಅನ್ನಿಸಿತು.

ತನಗೆ ತಾನೇ ಹೆದರಿದಳು.

ಮೆಲ್ಲಗೆ ತೊಟ್ಟಿಲಿಗೆ ಹಾಕಿ, ಹಿತ್ತಲಿಗೆ ಓಡಿ, ಬಾವಿಕಟ್ಟೆಯ ಹಿಂದೆ ಕಿವಿ ಮುಚ್ಚಿಕೊಂಡು ಕೂತುಬಿಟ್ಟಳು. ಕಣ್ಣೀರು ತಾನಾಗಿ ಸುರಿಯಿತು.

ಎಷ್ಟು ಹೊತ್ತಾಯಿತೋ... ಕೈ ತೆಗೆದರೆ ಮನೆಯೊಳಗೆ ಅಳುವೇ ಇಲ್ಲ!

ಎದ್ದುಬಿದ್ದು ಒಳಗೆ ಓಡಿದಳು. ನಡುಮನೆ ಬಾಗಿಲಲ್ಲೇ ಕಾಲು ನಿಂತಿತು.

ಊಟಕ್ಕೆ ಬಂದಿದ್ದ ಗೌರೀಶಂಕರ ಮಗುವನ್ನು ಹೆಗಲಿಗೆ ಹಾಕಿಕೊಂಡು ಆಚೀಚೆ ನಡೆಯುತ್ತಿದ್ದ. ಮಗು ಬಿಕ್ಕುತ್ತಾ ಅವನ ಮಾತು ಕೇಳುತ್ತಿತ್ತು.

"ಇವತ್ತು ಆ ಲಕ್ಕಯ್ಯ ಬಂದಿದ್ದ ಕಣವ್ವ. ಅವ್ನ ಕೊಬ್ರಿ ತುಂಬ ಬೂಷ್ಟು! ಏನ್ಲಾ ಇದು ಅಂದ್ರೆ, 'ಬೂಷ್ಟಲ್ಲ ಸಾ, ಶಿವನ್ ವಿಭೂತಿ' ಅಂತಾನೆ!"

ಹೆಂಡತಿಯನ್ನು ಕಂಡು ಅವನು ನಡಿಗೆ ನಿಲ್ಲಿಸಿದ. "ತುಂಬ ಅಳ್ತಿತ್ತು... ಅದಕ್ಕೆ ಎತ್ಕೊಂಡೆ. ತಪ್ಪು ತಿಳ್ಕೋಬೇಡ."

"ನಿಮ್ಮ ಮಗಳನ್ನ ನೀವು ಎತ್ಕೊಂಡ್ರೆ ತಪ್ಪೇನ್ರೀ?" ಎಂದಳು ಅವಳು. "ಹೆಣ್ಣು ಅಂತ ಇಷ್ಟು ದಿನ ಮುಟ್ಟಲಿಲ್ಲ..."

"ಹೆಣ್ಣು ಅಂತಲಾ? ಯಾರಂದೋರು?"

"ಮತ್ತೆ ಯಾಕೆ ಬರ್ಲಿಲ್ಲ? ಯಾಕೆ ಮಂಡೀಲಿ ಮಲಗ್ತೀರಿ?"

ಗೌರೀಶಂಕರ ನೆಲ ನೋಡಿದ.

"ಹೆರಿಗೆ ದಿನ ನಿಮ್ಮನೆ ಜಗಲಿ ಮೇಲೆ ಕೂತಿದ್ದೆ. ನೀನು ಒಳಗಿಂದ ಕೂಗಿದ್ದು ಕೇಳಿಸ್ತು. 'ಆ ಮನುಷ್ಯನ ಮುಖ ಇನ್ಯಾವತ್ತೂ ನಂಗೆ ತೋರಿಸಬೇಡಿ' ಅಂದೆ. ಅಷ್ಟು ನೋವು ಕೊಟ್ಟೋನು ಇನ್ಯಾವ ಮುಖ ಹೊತ್ಕೊಂಡು ನಿನ್ನ ಮುಂದೆ ನಿಲ್ಲಲಿ? ನೀನೇ ಕರೀಲಿ ಅಂತ ಕಾದೆ..."

ನೀಲಾಂಬಿಕೆ ದಂಗಾದಳು. "ನಾನು ಹಂಗಂದ್ನಾ? ದೇವರಾಣೆಗೂ ನೆನಪಿಲ್ಲ ರೀ!"

"ಅಯ್ಯೋ ಬೆಪ್ಪೇ!"

ಇಬ್ಬರೂ ತಿರುಗಿ ನೋಡಿದರು. ಮಠದಿಂದ ಬಂದ ಗಂಗಾಂಬಿಕೆ ಬಾಗಿಲಲ್ಲಿ ನಿಂತಿದ್ದರು.

"ನಿನ್ನ ಹೆರುವಾಗ ನಿಮ್ಮಪ್ಪನ್ನ ನಾನು ಏನೇನ್ ಬೈದೆ ಅಂತ ಇಡೀ ಬೀದಿಗೇ ಗೊತ್ತು ಕಣ್ಲಾ! ಆ ಮಾತನ್ನ ಯಾರಾದ್ರೂ ಕಟ್ಕೊಂಡ್ ಓಡಾಡ್ತಾರಾ? ಇದಕ್ಕಾ ಮಂಡೀಲಿ ಮಲಗ್ತಿದ್ದೆ?" ಎಂದು ಗದರಿ, ಮುದ್ದೆಗೆ ಎಸರಿಡಲು ಅಡುಗೆಮನೆಗೆ ಹೋದರು.

ನೀಲಾಂಬಿಕೆಗೆ ನಗುವೂ ಬಂತು, ಅಳುವೂ ಬಂತು. ಆದರೆ ಇನ್ನೊಂದು ಮಾತು ಒಳಗೇ ಉಳಿದಿತ್ತು. ಇವತ್ತು ಹೇಳದಿದ್ದರೆ ಎಂದೂ ಹೇಳಲಾರೆ ಅನ್ನಿಸಿತು.

"ರೀ... ಮಗು ಅಳ್ತಿರುವಾಗಲೇ ಬಿಟ್ಟು ಹೋದೆ. ಸಿಟ್ಟಲ್ಲಿ ಏನಾದ್ರೂ ಮಾಡಿಬಿಡ್ತೀನೋ ಅಂತ ಭಯ ಆಯ್ತು. ನಂಗೆ ಇವಳ ಮೇಲೆ... ಎಲ್ಲರೂ ಹೇಳೋ ಆ ಪ್ರೀತಿ ಇನ್ನೂ ಹುಟ್ಟೇ ಇಲ್ಲ ರೀ."

ಅವನು ಬೈಯುತ್ತಾನೆಂದು ಕಣ್ಣು ಮುಚ್ಚಿದಳು.

ಗೌರೀಶಂಕರ ಅವಳ ಬತ್ತಿದ ಕೆನ್ನೆ ನೋಡಿದ, ಒಗೆದು ಒಗೆದು ಬಿರಿದ ಬೆರಳು ನೋಡಿದ.

"ಪ್ರೀತಿ ಇಲ್ದೇನೇ ಇಷ್ಟೆಲ್ಲ ಮಾಡ್ತಿದ್ದೀಯಾ ನೀಲಾ?" ಎಂದ ಮೆಲ್ಲಗೆ. "ಅದು ಬಂದಾಗ ಬರಲಿ ಬಿಡು. ಅಲ್ಲೀಗಂಟ ಇಬ್ರೂ ಸೇರಿ ಎತ್ಕೊಳ್ಳೋಣ. ಇನ್ಮೇಲೆ ಕೈ ಸೋತ್ರೆ ನನ್ನ ಕರಿ. ಮಂಡಿಗೆ ಹೇಳಿಕಳ್ಸಿದ್ರೂ ಬತ್ತೀನಿ."

ಅವಳು ಅವನ ತೋಳಿಗೆ ಹಣೆ ಒರಗಿಸಿದಳು.

ಅತ್ತೆ ಒಳಗಿಂದ ಕರೆದು ತಟ್ಟೆಗೆ ಮುದ್ದೆ ಇಟ್ಟರು. ಹಬೆಯಾಡುತ್ತಿತ್ತು. ಬಸ್ಸಾರಿನಲ್ಲಿ ಅದ್ದಿ ನುಂಗಿದರೆ ಗಂಟಲೆಲ್ಲ ಬೆಚ್ಚಗಾಯಿತು. ಎರಡನೇ ಮುದ್ದೆಯನ್ನು ಅವಳೇ ಕೇಳಿ ಹಾಕಿಸಿಕೊಂಡಳು. ಹೊಟ್ಟೆ ತುಂಬಾ ಉಂಡಳು.

ಕೈ ತೊಳೆದು ಬಂದಾಗ ಗೌರೀಶಂಕರ ಗೋಡೆಗೆ ಒರಗಿ ಅಲುಗಾಡದೆ ಕೂತಿದ್ದ. ಮಗು ಅವನ ಎದೆಯ ಮೇಲೆ ನಿದ್ದೆ ಹೋಗಿತ್ತು.

"ತೊಟ್ಟಿಲಿಗೆ ಹಾಕ್ರೀ, ಕೈ ನೋಯುತ್ತೆ."

"ಎದ್ದುಬಿಟ್ರೆ? ಬೇಡಪ್ಪ, ಭಯ" ಎಂದು ಪಿಸುಗುಟ್ಟಿದ.

ಅವಳು ಪಕ್ಕದಲ್ಲಿ ಕೂತಳು. "ರಾತ್ರಿ ಎಲ್ಲಿ ಮಲಗ್ತೀರಿ?"

"ಮನೇಲೇ... ನೀನು ಬೈಯಲ್ಲ ಅಂದ್ರೆ."

"ಬೈತೀನಿ" ಎಂದಳು ನೀಲಾಂಬಿಕೆ, ಅವನ ಹೆಗಲಿಗೆ ತಲೆಯಿಟ್ಟು. "ಆದರೆ ಇನ್ಮೇಲೆ ನಿಮ್ಮ ಮುಖ ನೋಡ್ಕೊಂಡೇ ಬೈತೀನಿ."