ಖಾಲಾ ಏಳು ಅಂದರೆ ಏಳೇ

“ಸಾಕು ಬೇಟಿ, ಸಾಕು,” ಎಂದು ಶಮಶುದ್ದೀನ ಚಾಚಾ ತಾಟಿನ ಮೇಲೆ ಅಂಗೈ ಅಡ್ಡ ಹಿಡಿದರು.

ಗೊಳಸಂಗಿಯಿಂದ ಬಂದ ನೆಂಟರು. ತಿಂದದ್ದು ಎರಡೇ ರೊಟ್ಟಿ. ಈಗ ಮನೆಯವರು ‘ಇನ್ನೊಂದು ತಗೋರಿ’ ಎನ್ನಬೇಕು, ಅವರು ಬ್ಯಾಡ ಎನ್ನಬೇಕು, ಮೂರನೇ ಸಲಕ್ಕೆ ರೊಟ್ಟಿ ತಾಟಿಗೆ ಬೀಳಬೇಕು. ಮೋರಟಗಿಯ ಈ ಮನೆಯ ಹತ್ತು ವರ್ಷದ ಮಗಳು ಹುಮಾಗೂ ಗೊತ್ತಿದ್ದ ಆಟ ಇದು.

ಅಫ್ರೀನ ಖಾಲಾಗೆ ಮಾತ್ರ ಗೊತ್ತಿರಲಿಲ್ಲ. ಅಮ್ಮಿಯ ತಂಗಿ ಅವಳು, ಇವರ ಮನೆಯಲ್ಲೇ ಇರುತ್ತಾಳೆ. ಚಾಚಾ ಸಾಕು ಅಂದದ್ದೇ ತಡ, ತಾಟು ಎತ್ತಿದಳು, ತೊಳೆದಳು, ಬೋರಲು ಹಾಕಿದಳು. ಎಣಗಾಯಿ ಪಲ್ಯ ಮೆತ್ತಿದ ಚಾಚಾನ ಕೈ ಗಾಳಿಯಲ್ಲೇ ಉಳಿಯಿತು.

“ಏ ಅಫ್ರೀನ, ಏನ್ ಮಾಡಿದಿ?” ಅಮ್ಮಿ ಹಣೆ ಬಡಿದುಕೊಂಡಳು.

“ಅವರ ಸಾಕಂದ್ರು. ಎರಡ ಸಲ ಅಂದ್ರು.”

ಮರುದಿನ ಬೆಳಗ್ಗೆ ಖಾಲಾಗೆ ಚಹಾದ ಕಪ್ಪು ಹಿಡಿಯಲೂ ಆಗಲಿಲ್ಲ. ಬೆರಳುಗಳು ಊದಿದ್ದವು. ಅಮ್ಮಿ, ಖಾಲಾ, ಹುಮಾ ಮೂವರೂ ಡಾಕ್ಟರಿಗೆ ತೋರಿಸಲು ಸಿಂದಗಿ ಬಸ್ಸು ಹತ್ತಿದರು. ಖಾಲಾಳ ಆಸ್ಪತ್ರೆ ಕಾಗದಗಳ ದಪ್ಪ ಫೈಲು ಹುಮಾಳ ತೊಡೆಯ ಮೇಲಿತ್ತು.

“ಖಾಲಾ, ಇದರಾಗ ಎಷ್ಟ ಜಡ್ಡಿನ ಹೆಸರ ಅದಾವು?”

“ಮೂರು. ಮೊದಲನೇ ಡಾಕ್ಟರು ಪರ್ಸನಾಲಿಟಿ ಡಿಸಾರ್ಡರ್ ಅಂದ್ರು. ಸಿಟ್ಟು, ಅಳು ಭಾಳ ಅಂತ. ಆಮ್ಯಾಲೆ ಒಬ್ಬ ಮ್ಯಾಡಮ್ ಆಟಿಸಮ್ ಅಂದ್ರು. ಹುಟ್ಟಿದಾಗಿಂದ ನನ್ನ ತಲಿ ಕೆಲಸ ಮಾಡೋ ರೀತಿನ ಬ್ಯಾರೆ ಅಂತ. ಎರಡೂ ಇರಬಹುದು, ಮ್ಯಾಲ ನೋಡಿದ್ರ ಒಂದ ಥರಾ ಕಾಣತಾವು, ತಿಳಿಯಾಕ ಟೈಮ್ ಬೇಕು ಅಂದ್ರು. ಮೂರನೇದು ಸಂಧಿವಾತ. ಅದು ಬೆರಳಿಂದು.”

“ಮತ್ತ ನೀ ಯಾವಾಕಿ?”

“ನಾ ಅಫ್ರೀನ,” ಎಂದಳು ಖಾಲಾ, ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ.

ಕ್ಲಿನಿಕ್ಕಿನಲ್ಲಿ ಹೊಸ ಡಾಕ್ಟರು. ಫೈಲಿನ ಮೊದಲ ಹಾಳೆ ಓದಿ ಮುಚ್ಚಿದರು.

“ನೋವು ಹತ್ತರಾಗ ಎಷ್ಟೈತಿ?”

“ಯಾವ ಬೆರಳ್ರಿ? ತೋರಬೆರಳು ಏಳು. ನಡುವಿಂದು ಆರೂವರಿ. ಹೆಬ್ಬೆರಳು...”

“ಒಟ್ಟು ಹೇಳವ್ವ.”

ಖಾಲಾ ಕಣ್ಣು ಮುಚ್ಚಿ ಕೂಡಿಸಿದಳು. “ಒಟ್ಟು ಐವತ್ತೆರಡೂವರಿ. ಹತ್ತರಾಗ ಕೂಡಂಗಿಲ್ರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. “ಇದು ಬೆರಳಿನ ನೋವಲ್ಲ, ಮನಸಿಂದು. ಮೊದಲನೇ ಹಾಳ್ಯಾಗ ಬರದಾರಲ್ಲ. ನಿದ್ದಿ ಗುಳಿಗಿ ಕೊಡ್ತೇನಿ.”

“ಹಿಂದ ಇನ್ನೂ ಹದಿನೆಂಟ ಹಾಳಿ ಅದಾವ್ರಿ,” ಎಂದಳು ಖಾಲಾ.

ಅಮ್ಮಿ ತಲೆ ತಗ್ಗಿಸಿದಳು. ಹುಮಾಗೆ ಮೈಯೆಲ್ಲ ಉರಿಯಿತು. ಖಾಲಾಳ ಬೆರಳುಗಳು ಮೇಜಿನ ಮೇಲೆಯೇ ಇದ್ದವು, ಗಜ್ಜರಿಯಂತೆ ಕೆಂಪಾಗಿ. ಇವರು ನೋಡಿದ್ದು ಬರೀ ಹಾಳೆ.

“ಸರ್, ನಮ್ಮ ಖಾಲಾಗ ಹೆಚ್ಚ ಕಮ್ಮಿ ಮಾಡಿ ಹೇಳಾಕ ಬರಂಗಿಲ್ರಿ,” ಎಂದಳು ಹುಮಾ. “ನಿನ್ನಿ ಊಟಕ್ಕ ಕುಂತ ಚಾಚಾ ಸುಮ್ನ ಸಾಕಂದ್ರು. ಅಕಿ ತಾಟ ಎತ್ತಿ, ತೊಳದ, ಬೋರಲ ಹಾಕಿದಳ್ರಿ. ಅಕಿ ಏಳಂದ್ರ ಏಳ ಇರ್ತೈತ್ರಿ. ಬೇಕಾದ್ರ ಮುಟ್ಟಿ ನೋಡ್ರಿ.”

“ಪಾಪ, ಚಾಚಾ ಏನ್ ಮಾಡಿದ್ರು?” ಎಂದರು ಡಾಕ್ಟರು.

“ಬಸ್‌ಸ್ಟ್ಯಾಂಡಿನ್ಯಾಗ ಭಜಿ ತಿಂದ್ರಂತ್ರಿ.”

ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಖಾಲಾಳ ತೋರುಬೆರಳು ಹಿಡಿದರು. ಬೆರಳು ಬಿಸಿಯಾಗಿ ಸುಡುತ್ತಿತ್ತು. ಅವರ ನಗು ನಿಂತಿತು. ಫೈಲು ಮತ್ತೆ ತೆರೆದರು. ಎರಡನೇ ಹಾಳೆ, ಮೂರನೇ ಹಾಳೆ. ಹದಿನೆಂಟನ್ನೂ ಓದಿದ ಮೇಲೆ ರಕ್ತ ಪರೀಕ್ಷೆಗೆ ಚೀಟಿ ಬರೆದರು, ಬಾವು ಇಳಿಯಲು ಗುಳಿಗೆ ಕೊಟ್ಟರು.

“ನಂದ ತಪ್ಪಾತವ್ವ,” ಎಂದರು.

“ಹೌದ್ರಿ,” ಎಂದಳು ಖಾಲಾ.

ಮಧ್ಯಾಹ್ನ ಮನೆಯಲ್ಲಿ ಅಮ್ಮಿ ರೊಟ್ಟಿ ಬಡಿದಳು. ಖಾಲಾ ಬುಟ್ಟಿ ಹಿಡಿದು ಹುಮಾಳ ಎದುರು ಕುಳಿತಳು.

“ಇನ್ನೊಂದು?”

“ಸಾಕು,” ಎಂದಿತು ಹುಮಾಳ ಬಾಯಿ, ರೂಢಿಯಂತೆ.

ಖಾಲಾ ಬುಟ್ಟಿಗೆ ಬಟ್ಟೆ ಮುಚ್ಚಿದಳು. ಹುಮಾ ಆ ಬಟ್ಟೆಯನ್ನೇ ಒಂದು ಗಳಿಗೆ ನೋಡಿದಳು.

“ಖಾಲಾ, ಸುಳ್ಳ ಹೇಳಿದೆ. ನನಗ ಒಂದೂವರಿ ಬೇಕು.”

ಖಾಲಾ ಬಟ್ಟೆ ಸರಿಸಿದಳು. ಒಂದು ರೊಟ್ಟಿ ಹಾಕಿದಳು. ಇನ್ನೊಂದನ್ನು ಸರಿಯಾಗಿ ನಡುವೆ ಮಡಿಚಿ, ಬೆರಳು ನೋಯದಂತೆ ಮೆಲ್ಲಗೆ ಮುರಿದು, ಅರ್ಧ ಹಾಕಿದಳು.