ಮಾಲೆ ಹಾಕಿದ್ದಾಗ ಮಾಡಿದ ಸರ್ವೆ

ಮಚ್ಚಿನ ಅಲಗು ನನ್ನ ಕುತ್ತಿಗೆಗೆ ತಣ್ಣಗೆ ತಾಗಿತ್ತು.

"ಕೊರಟಗೆರೆ ಮೀಟಿಂಗಿಗೆ ಹೋಗಲ್ಲ ಅನ್ನು," ಎಂದ ಪ್ರಭುದೇವ್.

"ಹೋಗಲ್ಲ."

ಸುಳ್ಳು ಹೇಳುವುದು ನನ್ನ ಕಸುಬು. ಹೆಸರು ಭೀಮರಾಜು. ತುಮಕೂರಿನಲ್ಲಿ ಪ್ರೈವೇಟ್ ಡಿಟೆಕ್ಟಿವ್. ಆ ಬೆಳಿಗ್ಗೆ ಮಾತ್ರ ವೈ.ಎನ್.ಹೊಸಕೋಟೆಯ ಕಡಲೆಕಾಯಿ ಹೊಲದಲ್ಲಿ ಮಂಡಿಯೂರಿ ಕೂತಿದ್ದೆ.

ಪ್ರಭುದೇವ್ ಆಂಧ್ರದ ಕಡೆಯಿಂದ ಅಗ್ಗದ ಬಾಟಲಿ ಕದ್ದು ತರಿಸಿ ಮಾರುವವನು. ನಮ್ಮಲ್ಲಿ ಎಣ್ಣೆ ರೇಟು ಏರಿದಷ್ಟೂ ಅವನಿಗೆ ಹಬ್ಬ. ಇನ್ನೊಮ್ಮೆ ಏರಿಸಲು ಅವತ್ತು ಮಧ್ಯಾಹ್ನ ಕೊರಟಗೆರೆಯಲ್ಲಿ ಸರ್ಕಾರಿ ಸಮಿತಿಯ ಮೀಟಿಂಗ್. ಆಧಾರ ಒಂದು ವರದಿ. ಮೆಟಾ ಅನಾಲಿಸಿಸ್ ಅಂತೆ... ಯಾರ್ಯಾರೋ ಎಲ್ಲೆಲ್ಲೋ ಮಾಡಿದ ನಲವತ್ತು ಸ್ಟಡಿಗಳನ್ನು ಸೇರಿಸಿ ಒಂದೇ ಉತ್ತರ ತೆಗೆಯುವುದು. ನಲವತ್ತು ಮನೆಯ ಸಾರನ್ನು ಒಂದೇ ಹಂಡೆಗೆ ಸುರಿದು ರುಚಿ ನೋಡಿದ ಹಾಗೆ. ಉತ್ತರ: ಬೆಲೆ ಏರಿದರೆ ಕುಡಿತ ಇಳಿಯುತ್ತದೆ.

ಅದರಲ್ಲಿ ನಮ್ಮ ಕಡೆಯದು ಈ ಊರಿನ ಸರ್ವೆ ಒಂದೇ. ರೇಟು ಏರಿದ ಮೇಲೆ ಇಲ್ಲಿನ ಗಂಡಸರು ತೊಟ್ಟೂ ಕುಡಿಯಲಿಲ್ಲವಂತೆ!

ಆ ಸರ್ವೆ ಸುಳ್ಳೆಂದು ತೋರಿಸಲು ನನ್ನನ್ನು ಕರೆಸಿದ್ದು ಇಲ್ಲಿನ ಟೀಚರ್ ವೇದಾವತಿ. ಗಂಡ ತಿಪ್ಪೇಶ್ ಪ್ರಭುದೇವನ ಬಾಟಲಿ ಸಾಗಿಸುವವನು. ಲಿವರ್ ಅರ್ಧ ಹೋಗಿದೆ.

"ರೇಟು ಏರಿದ್ರೆ ಆ ಕಡೆ ಬಾಟ್ಲಿ ಇನ್ನೂ ಜಾಸ್ತಿ ಬತ್ತವೆ ಸಾರ್. ತರೋರೂ ನಮ್ಮವ್ರೇ, ಕುಡಿಯೋರೂ ನಮ್ಮವ್ರೇ. ಈ ಸಲ ಏರಿದ್ರೆ ನಮ್ಮನೆಯವ್ರು ಉಳಿಯಾಕಿಲ್ಲ," ಎಂದಿದ್ದಳು.

ಹುಡುಕಿದಾಗ ಸಿಕ್ಕಿದ್ದಿಷ್ಟು: ಸರ್ವೆ ನಡೆದಾಗ ಊರಿನ ಗಂಡಸರೆಲ್ಲ ಶಬರಿಮಲೆಗೆ ಮಾಲೆ ಹಾಕಿದ್ದರು. ಕಪ್ಪು ಪಂಚೆ, ಬೆಳಗಿನ ತಣ್ಣೀರು ಸ್ನಾನ. ಮಾಲೆ ಬಿಚ್ಚುವವರೆಗೆ ಎಣ್ಣೆ ಮುಟ್ಟುವ ಹಾಗಿಲ್ಲ. ಸರ್ವೆಯವರ ಕಣ್ಣಿಗೆ ಅದು ಕಂಡಿರಲೇಬೇಕು. ಆದರೆ ಫಾರಂನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

"ಸುಳ್ಳು ಹೇಳ್ತಾವ್ನೆ. ಕುಯ್ಯಲೇ ತಿಪ್ಪೇಶ," ಎಂದ ಪ್ರಭುದೇವ್.

ಹೌದು, ಮಚ್ಚು ಹಿಡಿದವನು ವೇದಾವತಿಯ ಗಂಡನೇ. ತಲೆಯೆತ್ತಿ ಅವನ ಮುಖ ನೋಡಿದೆ.

"ಸ್ವಾಮಿ," ಎಂದೆ.

ಮಾಲೆ ಹಾಕಿದವರನ್ನು ಹಾಗೆ ಕರೆಯುತ್ತಾರೆ. ಬಿಚ್ಚಿದ ಮೇಲೆ ಅವನನ್ನು ಯಾರೂ ಹಾಗೆ ಕರೆದಿರಲಿಲ್ಲ.

ಮಚ್ಚು ಇಳಿಯಿತು.

ಬೊಗಸೆ ಮಣ್ಣು ಪ್ರಭುದೇವನ ಕಣ್ಣಿಗೆ ಎರಚಿ ತಿಪ್ಪೇಶನ ಬೈಕ್ ಹತ್ತಿದೆ.

"ಕೂತ್ಕೊ."

"ನಾನ್ಯಾಕಣ್ಣ?"

"ನಿನ್ನ ಹೆಂಡ್ತಿ ಕೊರಟಗೆರೇಲಿ ಕಾಯ್ತಾವ್ಳೆ."

ಕೂತ. ಅವನಿಗೆ ಪ್ರಭುದೇವನಿಗಿಂತ ವೇದಾವತಿಯ ಭಯ ಜಾಸ್ತಿ.

ಪಾವಗಡ ದಾಟುವಷ್ಟರಲ್ಲಿ ಹಿಂದೆ ಪ್ರಭುದೇವನ ಜೀಪು... ಮಧುಗಿರಿಯಲ್ಲಿ ಬಂಪರ್ ನಮ್ಮ ಹಿಂದಿನ ಚಕ್ರಕ್ಕೆ ತಾಗಿತು! ಅಷ್ಟರಲ್ಲಿ ಒಂದು ಪ್ರೈವೇಟ್ ಬಸ್ಸು ಜನ ಹತ್ತಿಸಲು ರಸ್ತೆಗೆ ಅಡ್ಡ ನಿಂತಿತು. ನಾವು ಸಂದಿಯಲ್ಲಿ ತೂರಿದೆವು. ಜೀಪು ಹಾರ್ನ್ ಹೊಡೆಯುತ್ತಲೇ ಇತ್ತು. ಪ್ರೈವೇಟ್ ಬಸ್ಸು ಹಾರ್ನಿಗೆ ಅಲುಗಿದ್ದುಂಟೇ?

ಮೀಟಿಂಗಿನಲ್ಲಿ ವರದಿ ಬರೆದ, ಹೊಸಕೋಟೆಯ ಸರ್ವೆಯನ್ನೂ ತಾವೇ ಮಾಡಿದ್ದ ಗಗನಾ ಮೇಡಂ ಪರದೆಯ ಮೇಲೆ ಗ್ರಾಫ್ ತೋರಿಸುತ್ತಿದ್ದರು. ತಿಪ್ಪೇಶನನ್ನು ಮುಂದೆ ನೂಕಿದೆ.

"ನಾನು ರೇಟು ಏರ್ತು ಅಂತ ಎಣ್ಣೆ ಬುಟ್ಟಿರ್ಲಿಲ್ಲ ಮೇಡಂ. ಮಾಲೆ ಹಾಕಿದ್ದೆ. ಊರೋರೆಲ್ಲ ಹಾಕಿದ್ರು."

"ಆಗ ಯಾಕೆ ಹೇಳಲಿಲ್ಲ?"

"ನೀವು ಕೇಳ್ಲಿಲ್ಲ. ರೇಟು ಏರಿದ್ಮೇಲೆ ಕುಡಿದ್ರಾ ಅಂದ್ರಿ. ಇಲ್ಲ ಅಂದೆ."

ಅಧ್ಯಕ್ಷರ ಕುರ್ಚಿಯಲ್ಲಿದ್ದ ಮೋಹನ್ ಕುಮಾರ್ ಕೆಮ್ಮಿದರು. "ಒಂದು ಊರು ತಪ್ಪಾದ್ರೆ ಏನ್ರೀ? ಉಳಿದದ್ದೆಲ್ಲ ಇದೆಯಲ್ಲ."

ಗಗನಾ ಪರದೆಯ ಮೇಲಿನ ಗ್ರಾಫ್ ಆರಿಸಿದರು.

"ನಾನು ಹೋಗಿದ್ದ ಊರನ್ನೇ ಸರಿಯಾಗಿ ನೋಡಿಲ್ಲ ಸರ್. ಹೋಗದೇ ಇರೋ ಊರುಗಳ ಬಗ್ಗೆ ಏನು ಹೇಳಲಿ? ವರದಿ ವಾಪಸ್ ತಗೋತೀನಿ."

ರೇಟು ಏರಲಿಲ್ಲ. ಆ ಹೆಣ್ಣುಮಗಳ ಬಗ್ಗೆ ನನಗೆ ಗೌರವ ಬಂತು.

ಹೊರಗೆ ವೇದಾವತಿ ನಿಂತಿದ್ದಳು. ಪಕ್ಕದಲ್ಲಿ ಊರಿನ ಗುರುಸ್ವಾಮಿ, ಕೈಯಲ್ಲಿ ಮಾಲೆ.

"ಇನ್ನೂ ಸೀಸನ್ ಬಂದಿಲ್ಲ ಕಣೇ," ಎಂದ ತಿಪ್ಪೇಶ್.

"ಲಿವರ್‌ಗೆ ಸೀಸನ್ ಗೊತ್ತಾ? ಬಗ್ಗಿ."

ಬಗ್ಗಿದ. ಅಳುತ್ತಿದ್ದ.

ಮೋಹನ್ ಕುಮಾರ್ ಮೆಟ್ಟಿಲ ಮೇಲೆ ನಿಂತು ಎಲ್ಲ ನೋಡುತ್ತಿದ್ದರು. ನನ್ನ ಕಡೆ ತಿರುಗಿ ಪೆನ್ನು ತೆಗೆದರು.

"ಇದರಿಂದ ಕುಡಿತ ನಿಲ್ಲುತ್ತೇನ್ರೀ?"

"ಇವನು ಉಳಿದ್ರೆ ಹೇಳ್ತೀನಿ ಸಾರ್. ಅಲ್ಲೀವರೆಗೂ ಇವನನ್ನ ಯಾವ ವರದಿಗೂ ಸೇರಿಸಬೇಡಿ," ಎಂದೆ.